ಬಾಟಲಿಯೊಳಗೆ ಕುರಿ ಇರಲಿಲ್ಲ

ನಮ್ಮ ಬೀದಿಯಲ್ಲಿ ಸಿಂಗಪುರ ನೋಡದೆ ಉಳಿದವರು ಇಬ್ಬರೇ: ನಾನು ಮತ್ತು ಇಸ್ತ್ರಿ ಅಂಗಡಿಯ ಬೆಕ್ಕು. ಎದುರುಮನೆಯವರು ಹೋಗಿಬಂದ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಫೋಟೋ ತೋರಿಸಿ, "ನೀವೆಲ್ಲೂ ಹೋಗಲ್ವಾ?" ಎಂದು ನನ್ನನ್ನು ಕೇಳುವುದನ್ನು ರೂಢಿ ಮಾಡಿಕೊಂಡಿದ್ದರು. ದೀಪಾವಳಿ ಮುಗಿದ ವಾರ ನಾನೂ ಬ್ಯಾಗು ಹಿಡಿದು ಗೇಟು ದಾಟಿದೆ. ಯಾವ ದೇಶ ಎಂದರು. ಮಹಾರಾಷ್ಟ್ರ ಎಂದೆ. ನಕ್ಕರು. ನಗಲಿ. ನಿಪ್ಪಾಣಿ ದಾಟಿದರೆ ಅಂಗಡಿಯ ಬೋರ್ಡು ಬೇರೆ, ಚಹಾದ ಲೋಟ ಬೇರೆ, ನನ್ನ ಮೈಸೂರು ಕನ್ನಡ ಕೇಳಿ ಜನ ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಪರದೇಶ ಎನ್ನಿಸಿಕೊಳ್ಳಲು ಇನ್ನೇನು ಬೇಕು?

ನಾನು ಹುಳುಗಳ ಚಿತ್ರ ಬರೆಯುವವಳು. ರೈತರ ಕೈಪಿಡಿಗಳಲ್ಲಿ ಎಲೆಯ ಮೇಲೆ ಕೂತು ನಿಮ್ಮನ್ನೇ ದುರುಗುಟ್ಟುವ ಹುಳು ಕಂಡರೆ ಅದು ನನ್ನದಿರಬಹುದು. ಈ ಸಲದ ಕೈಪಿಡಿ ನಮ್ಮ ನೆಲದ ಪೀಡೆಗಳು ಮತ್ತು ಹೊರಗಿನಿಂದ ಬಂದು ಸೇರಿಕೊಂಡ ಪೀಡೆಗಳ ಬಗ್ಗೆ. ಮೆಕ್ಕೆಜೋಳ ಮೇಯಲು ಅಮೆರಿಕದ ಕಡೆಯಿಂದ ಬಂದ ಸೈನಿಕ ಹುಳುವನ್ನು ಬರೆದುಕೊಟ್ಟಾಗ ಪ್ರಕಾಶಕರು, "ಯಾಕೋ ಸತ್ತ ಹಾಗಿದೆ" ಎಂದರು. ಸತ್ತದ್ದೇ, ಸ್ಪಿರಿಟ್ಟಿನ ಸೀಸೆಯಲ್ಲಿದ್ದದ್ದನ್ನು ನೋಡಿ ಬರೆದಿದ್ದೆ. ಜೀವಂತ ಹುಳು ಬೇಕಾಯಿತು. ಅದು ಮೈಸೂರಿನಲ್ಲೂ ಸಿಗುತ್ತದೆ, ಆದರೆ ಮೈಸೂರಿನಲ್ಲಿ ನನ್ನ ಧಾರವಾಡ ಹಾಸ್ಟೆಲಿನ ಗೆಳತಿ ಮಾದೇವಿ ಸಿಗುವುದಿಲ್ಲ. ಅವಳಿರುವುದು ಇಚಲಕರಂಜಿಯಲ್ಲಿ, ತವರುಮನೆ ಗಡಹಿಂಗ್ಲಜದ ಕಡೆ. ಹುಳುವಿನ ನೆಪ, ಗೆಳತಿಯ ಊಟ ಎಂದುಕೊಂಡು ಹೊರಟವಳು, ಕೊನೆಗೆ ಒಂದು ಕುರಿಹಿಂಡಿನ ಹಣೆಬರಹವನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿಟ್ಟು ಕಾಯಬೇಕಾಯಿತು.

ಕೊಲ್ಹಾಪುರ

ಬೆಳಿಗ್ಗೆ ಇಳಿದವಳೇ ಮೊಳಕೆಕಾಳಿನ ಮಿಸಳ ತಿಂದೆ. ಮೇಲಿನ ಕೆಂಪು ಸಾರನ್ನು ಅಲ್ಲಿನವರು ತಮ್ಮ ಹೊಟ್ಟೆಯ ಅಳತೆ ನೋಡಿ ಚಮಚದಲ್ಲಿ ಹಾಕಿಸಿಕೊಳ್ಳುತ್ತಾರೆ. ನಾನು ಬಟ್ಟಲುಗಟ್ಟಲೆ ಹಾಕಿಸಿಕೊಂಡೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ಬಿಡಲಿಲ್ಲ. ಪರಸ್ಥಳದ ಹುಳುವಿನ ಮೊದಲ ಲಕ್ಷಣ ಇದೇ ಎಂದು ಆಮೇಲೆ ಹೊಳೆಯಿತು: ಇಂಥದ್ದೇ ಬೇಕೆನ್ನುವುದಿಲ್ಲ, ಇಷ್ಟು ಸಾಕೆನ್ನುವುದೂ ಇಲ್ಲ.

ಮಾರುಕಟ್ಟೆಗೆ ಹೋಗಿ ಮೆಕ್ಕೆಜೋಳದ ತೆನೆ ರಾಶಿ ಹಾಕಿಕೊಂಡಿದ್ದವನ ಮುಂದೆ ಕೂತು, ಒಂದೊಂದೇ ತೆನೆಯ ಸಿಪ್ಪೆ ಸುಲಿದು ನೋಡಿ ಪಕ್ಕಕ್ಕಿಟ್ಟೆ. ಒಳ್ಳೆಯದನ್ನು ಆರಿಸುತ್ತಿದ್ದೇನೆಂದು ಅವನು ಸುಮ್ಮನಿದ್ದ. ನನಗೆ ಬರುವ ಒಂದು ಹಿಡಿ ಹಿಂದಿಯಲ್ಲಿ, "ಹುಳ ಇರೋದು ಇಲ್ವಾ?" ಎಂದು ಕೇಳಿದೆ. ಅವನ ಮುಖ ಕೆಂಪಗಾಯಿತು. "ಓ ಬಾಈ, ಆಮಚ್ಯಾ ಮಾಲಾತ ಕಿಡಾ ನಸತೋ!" ಎಂದು ಅಕ್ಕಪಕ್ಕದ ನಾಲ್ಕು ಅಂಗಡಿಗೆ ಕೇಳುವಂತೆ ಕೂಗಿದ. ತನ್ನ ಮಾಲಿನಲ್ಲಿ ಹುಳವೇ ಇರುವುದಿಲ್ಲವಂತೆ. ಮನೆತನಕ್ಕೆ ಮಸಿ ಬಳಿದವಳನ್ನು ನೋಡುವಂತೆ ಎಲ್ಲರೂ ನನ್ನನ್ನು ನೋಡಿದರು.

ಕೊನೆಯಲ್ಲಿ ಕೂತಿದ್ದ ಮುದುಕಿ ಮಾತ್ರ ನನ್ನ ಉಚ್ಚಾರ ಕೇಳಿಯೇ ಕನ್ನಡದವಳೆಂದು ಹಿಡಿದಳು.

"ಹುಳಾ ಬೇಕನ್ರಿ ಅವ್ವಾ? ಮೊದ್ಲ ಹೇಳಬಾರ್ದನ್ರಿ? ಕೆಳಗಿನ ಚೀಲದಾಗ ಬೇಕಾದಷ್ಟ ಅದಾವ."

ಐದಾರು ಹುಳು ಸಿಕ್ಕವು. ಒಂದೊಂದನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿದೆ. ತಲೆಯ ಮೇಲೆ ಕವಣೆಯ ಕವೆಯನ್ನು ಬುಡಮೇಲು ಮಾಡಿಟ್ಟಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅಸಲಿ ಅಮೆರಿಕದ ತಳಿ. ತಿಂಡಿಡಬ್ಬಿಗೆ ಹಾಕಿ, ದಾರಿಯ ಬುತ್ತಿಗೆಂದು ಎಳೆ ಕಾಳೂ ಹಾಕಿ ಇಚಲಕರಂಜಿಯ ಬಸ್ಸು ಹತ್ತಿದೆ.

ಇಚಲಕರಂಜಿ

ಮಾದೇವಿಯ ಮನೆ ಅಲ್ಲಿನ ಶಹಾಪುರ ಬಡಾವಣೆಯಲ್ಲಿ. ಅವಳ ಗಂಡ ನೂಲಿನ ವ್ಯಾಪಾರಿ. ಸುತ್ತ ಮಗ್ಗದ ಶೆಡ್ಡುಗಳು, ಅವುಗಳ ಖಟಖಟ ಸದ್ದು. ಆ ಓಣಿಯ ಜನ ಮಾತಾಡುವಾಗ ದನಿ ಎತ್ತುವುದಿಲ್ಲ, ಮುಖ ಹತ್ತಿರ ತರುತ್ತಾರೆ. ನಾನು ಮೈಸೂರಿನ ಮೆಲುದನಿಯಲ್ಲಿ ದೂರ ನಿಂತೇ ಮಾತಾಡಿದ್ದರಿಂದ ಮೊದಲ ದಿನ ಯಾರಿಗೂ ನಾನು ಹೇಳಿದ್ದು ಒಂದೂ ತಿಳಿಯಲಿಲ್ಲ. ನೀರು ಕೇಳಿದರೆ ಚಹಾ ಬಂತು, ಸಾಕೆಂದರೆ ಮತ್ತೊಂದು ಚಹಾ ಬಂತು.

ಮರುದಿನ ಬೆಳಿಗ್ಗೆ ಚಿತ್ರ ಬರೆಯಲು ಡಬ್ಬಿ ತೆರೆದೆ. ಒಳಗೆ ಒಂದೇ ಹುಳು ಇತ್ತು, ಸೊಗಸಾಗಿ ದಪ್ಪಗಾಗಿತ್ತು.

"ಉಳದಾವು ಎಲ್ಲಿ ಹ್ವಾದ್ವು?" ಮಾದೇವಿ ಕಾಲು ಮಂಚದ ಮೇಲೆ ಎತ್ತಿಕೊಂಡಳು. "ನನ್ನ ಹಾಸಿಗ್ಯಾಗ ಬಿಟ್ಟಿ ಏನ?"

"ಎಲ್ಲೂ ಹೋಗಿಲ್ಲ ಕಣೇ. ಎಲ್ಲಾ ಇದರ ಹೊಟ್ಟೇಲೇ ಇದಾವೆ."

ಇದು ನನಗೆ ಗೊತ್ತಿರಬೇಕಾದ ಸಂಗತಿ. ಸೈನಿಕ ಹುಳು ಬಲಿತ ಮೇಲೆ ಒಡಹುಟ್ಟಿದವರನ್ನೂ ಬಿಡುವುದಿಲ್ಲ, ತಿನ್ನುತ್ತದೆ. ಜೋಳದ ಕಾಂಡ ಕೊರೆಯುವ ನಮ್ಮ ಹುಳುಗಳಾದರೆ ಒಂದೇ ದಂಟಿನಲ್ಲಿ ನಾಲ್ಕಾರು ಜನ ಬಾಡಿಗೆದಾರರ ಹಾಗೆ ಹೊಂದಿಕೊಂಡಿರುತ್ತವೆ. ಮಾದೇವಿಗೆ ಇದನ್ನು ಹೇಳಿದೆ. ಅವಳು ಡಬ್ಬಿಯೊಳಗೆ ಬಗ್ಗಿ ನೋಡಿ, ಥಟ್ಟನೆ ನೆಟ್ಟಗಾದಳು.

"ಅಯ್ಯ, ಇದು ಲಷ್ಕರಿ ಅಳಿ! ಸುಮಿ, ಇದರ ಸಲುವಾಗೇ ನಮ್ಮ ಬಸ್ಯಾ ಲಗಮವ್ವನ ಕುರಿ ಬ್ಯಾಡಂದಾನ ನೋಡು."

ಲಷ್ಕರಿ ಅಳಿ ಎಂದರೆ ಆ ಕಡೆಯವರ ಮಾತಿನಲ್ಲಿ ಸೈನಿಕ ಹುಳು. ಬಸ್ಯಾ ಎಂದರೆ ಅವಳ ತಮ್ಮ ಬಸಗೌಡ, ಊರಲ್ಲಿ ದೊಡ್ಡ ಹೊಲದವನು. ಲಗಮವ್ವ ಕುರಿ ಕಾಯುವವಳು. ಪ್ರತಿ ವರ್ಷ ಸುಗ್ಗಿಯಾದ ಮೇಲೆ ಅವಳ ಹಿಂಡು ರಾಯಬಾಗದ ಕಡೆಯಿಂದ ಬಂದು ಗೌಡನ ಖಾಲಿ ಹೊಲದಲ್ಲಿ ರಾತ್ರಿ ತಂಗುತ್ತದೆ. ಹೊಲಕ್ಕೆ ಹಿಕ್ಕೆಯ ಗೊಬ್ಬರ, ಲಗಮವ್ವನ ಮನೆಗೆ ಜೋಳ. ಗೌಡನ ಹೊಲ ಮುಗಿದರೆ ಪಕ್ಕದವನದು, ಆಮೇಲೆ ಅದರಾಚೆಯವನದು. ಹಾಗೇ ಬೇಸಿಗೆಯವರೆಗೆ ಅವಳ ಮನೆಯ ರೊಟ್ಟಿ ನಡೆಯುತ್ತದೆ. ಇವರಿಬ್ಬರ ಅಪ್ಪಂದಿರ ಕಾಲದಿಂದ ಬಂದ ರೂಢಿ ಇದು. ಈ ವರ್ಷ ಗೌಡ ಬೇಡ ಎಂದಿದ್ದ. ಗೌಡ ಬೇಡ ಎಂದದ್ದಕ್ಕೆ ಇಡೀ ಊರೂ ಬೇಡ ಎಂದಿತ್ತು. ಅವಳ ಕುರಿಗಳ ಉಣ್ಣೆಯಲ್ಲೇ ಆ ಹುಳು ಊರಿಗೆ ಬಂತು ಎಂಬುದು ಅವರ ಆರೋಪ.

ನನಗೆ ನಗು ತಡೆಯಲಾಗಲಿಲ್ಲ. ಮಾದೇವಿ ನಗಲಿಲ್ಲ.

"ನಗಬ್ಯಾಡ. ಆಕಿ ಕೆರೀ ದಂಡಿ ಮ್ಯಾಲ ಕುರಿ ಇಟ್ಕೊಂಡ ಕುಂತಾಳ. ಮೇವಿಲ್ಲ, ಕಾಳಿಲ್ಲ. ನೀ ಹುಳದಾಕಿ ಅಲ್ಲೇನ? ಬಂದ ಅವಂಗ ತಿಳಿಸಿ ಹೇಳು."

ಗಡಹಿಂಗ್ಲಜ

ಗಡಹಿಂಗ್ಲಜದಲ್ಲಿ ಬಸ್ಸಿಳಿದು ಹಲಕರ್ಣಿಯ ದಾರಿಯಲ್ಲಿ ಒಂದಷ್ಟು ಹೋದರೆ ಮಾದೇವಿಯ ತವರು. ಊಟಕ್ಕೆ ಕೂರಿಸಿದ ಗೌಡ ನನ್ನ ತಟ್ಟೆಗೆ ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿದ. ಹೋದ ಕಡೆಯಲ್ಲೆಲ್ಲ ಸಿಕ್ಕಿದ್ದನ್ನೆಲ್ಲ ತಿನ್ನುವ ನನ್ನ ಗುಣವನ್ನು ನೋಡಿ ಅವನಿಗೆ ನನ್ನ ಮೇಲೆ ವಿಶ್ವಾಸ ಹುಟ್ಟಿತು. ಕುರಿಯ ಮಾತೆತ್ತಿದಾಗ ಆ ವಿಶ್ವಾಸ ಅರ್ಧ ಇಳಿಯಿತು.

ಗೌಡ ದಡ್ಡನಲ್ಲ. ಅವನ ವಾದ ಕೇಳಿದರೆ ನೀವೂ ತಲೆದೂಗುತ್ತೀರಿ.

"ಹುಮಣಿ ಗೊತ್ತೈತಿಲ್ರಿ ಅಕ್ಕಾರ, ಕಬ್ಬಿನ ಬೇರ ತಿನ್ನೋ ಬಿಳೀ ಹುಳಾ? ಅದು ಎಲ್ಲಿಂದ ಬರ್ತೈತಿ? ಹಸೀ ಗೊಬ್ಬರದಾಗ. ನಮ್ಮಪ್ಪ ಹೇಳ್ತಿದ್ದ, ಗೊಬ್ಬರ ನೋಡಿ ಹಾಕ್ರಿ, ಹುಮಣಿ ಹೊತ್ತ ತರ್ತೀರಿ ಅಂತ. ಈ ಲಷ್ಕರಿನೂ ಹಂಗ. ಹ್ವಾದ ವರ್ಷ ಲಗಮವ್ವನ ಕುರಿ ಬಂದ ಹ್ವಾದ ಮ್ಯಾಲನ ಇದೂ ಬಂತು. ಮತ್ತ ಸಾಕ್ಷಿ ಐತ್ರಿ ನನ್ನ ಕಡೆ."

ಸಾಕ್ಷಿ ತೋರಿಸಲು ಹಿತ್ತಲ ಹಿಂದಿನ ಮೇವಿನ ಮೆಕ್ಕೆಜೋಳಕ್ಕೆ ಕರೆದುಕೊಂಡು ಹೋದ. ಎಳೆಯ ಗಿಡದ ಎಲೆ ಮಗುಚಿದ. ಅಡಿಯಲ್ಲಿ ಮಾಸಲು ಬಣ್ಣದ ಸಣ್ಣದೊಂದು ಉಣ್ಣೆಯ ತೇಪೆ ಅಂಟಿತ್ತು. ಉಗುರಿನಿಂದ ಅದನ್ನು ಎಬ್ಬಿಸಿದ. ಒಳಗೆ ರಾಶಿ ರಾಶಿ ಮೊಟ್ಟೆ.

"ನೋಡ್ರಿ. ಕುರಿ ಉಣ್ಣೆ, ಅದರಾಗ ತತ್ತಿ. ಇನ್ನೇನ ಬೇಕು?"

ನಾನು ಬಾಯಿ ಬಿಡುವ ಮೊದಲೇ ಅವನು ಅಂಗಿಯ ಕಿಸೆಯಿಂದ ನಿಜವಾದ ಕುರಿಯ ಉಣ್ಣೆಯ ಎಳೆ ತೆಗೆದು ಪಕ್ಕದಲ್ಲಿಟ್ಟ. ಬರಿಗಣ್ಣಿಗೆ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದವು. ಆ ಕ್ಷಣ ನನಗೂ ಲಗಮವ್ವನ ಮೇಲೆ ಸಣ್ಣ ಅನುಮಾನ ಬಂದದ್ದು ಸುಳ್ಳಲ್ಲ.

ಅದು ಉಣ್ಣೆಯಲ್ಲ. ಸೈನಿಕ ಹುಳುವಿನ ತಾಯಿ ಪತಂಗ ನೂರಾರು ಮೊಟ್ಟೆ ಗುಡ್ಡೆಯಾಗಿಟ್ಟು, ತನ್ನ ಹೊಟ್ಟೆಯ ಮೇಲಿನ ರೋಮವನ್ನೇ ಉದುರಿಸಿ ಅವಕ್ಕೆ ಹೊದಿಸುತ್ತದೆ. ಗೌಡನಿಗೆ ಅದನ್ನೇ ಹೇಳಿದೆ. ಹುಮಣಿಯ ಲೆಕ್ಕವನ್ನು ಇದಕ್ಕೆ ಹಾಕಬೇಡಿ ಎಂದೂ ಹೇಳಿದೆ. ಹುಮಣಿ ನಮ್ಮೂರಿನದು, ಪಂಚಾಂಗ ಬಲ್ಲದ್ದು. ವರ್ಷಕ್ಕೊಂದೇ ಸಂಸಾರ. ನೆಲದೊಳಗೆ ಕಾದು ಕೂತು, ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದುಂಬಿಯಾಗಿ ಮೇಲೆದ್ದು, ಬೇವಿನ ಮರವೋ ಜಾಲಿಯೋ ಹತ್ತಿರದ್ದನ್ನು ಹುಡುಕಿಕೊಂಡು, ಮತ್ತೆ ಅದೇ ಹೊಲದ ಮಣ್ಣಿಗಿಳಿಯುತ್ತದೆ. ಅದರ ಹೊತ್ತು ಗೊತ್ತು ಊರಿಗೆಲ್ಲ ತಿಳಿದಿದೆ, ಅದಕ್ಕೇ ಊರು ಸೇರಿ ಮರ ಅಲುಗಿಸಿ ದುಂಬಿ ಬುಟ್ಟಿಗೆ ತುಂಬುತ್ತದೆ. ನೇಗಿಲ ಹಿಂದೆ ಬರುವ ಕಾಗೆಗೂ ಅದರ ರುಚಿ ತಿಳಿದಿದೆ. ಈ ಹೊಸಬನಿಗೆ ರೋಹಿಣಿಯೂ ಇಲ್ಲ, ಮೃಗಶಿರವೂ ಇಲ್ಲ. ತಿಂಗಳು ತಿರುಗುವಷ್ಟರಲ್ಲಿ ಇನ್ನೊಂದು ಪೀಳಿಗೆ. ಮೆಕ್ಕೆಜೋಳ ಮುಗಿದರೆ ಜೋಳ, ಜೋಳ ಮುಗಿದರೆ ಕಬ್ಬು. ಅದು ಗಾಳಿ ಹಿಡಿದು ಒಂದೇ ರಾತ್ರಿಯಲ್ಲಿ ತಾಲ್ಲೂಕು ದಾಟುತ್ತದೆ; ಅದಕ್ಕೆ ಕುರಿಯ ಬೆನ್ನು ಯಾಕೆ ಬೇಕು?

ಗೌಡ ಎಲ್ಲವನ್ನೂ ಗಂಭೀರವಾಗಿ ಕೇಳಿದ.

"ಅಂದ್ರ ನಮ್ಮ ಹುಳಾ ಸಂಭಾವಿತ, ಹೊರಗಿನದ ಕಳ್ಳ ಅಂತೀರಿ."

"ಹಾಗೂ ಇಲ್ಲ ಗೌಡ್ರೇ. ನಮ್ಮ ಜೋಳದ ಕಾಂಡ ಕೊರೆಯೋ ಹುಳ ಆಫ್ರಿಕಾಗೆ ಹೋಗಿದೆ. ಅಲ್ಲಿ ಅದೇ ಹೊರಗಿನದು. ಅಲ್ಲಿನವರ ಹೊಲಾನೆಲ್ಲ ಹಾಳುಮಾಡ್ತಾ ಇದೆ."

ಗೌಡನ ಮೀಸೆ ಅರಳಿತು. "ಹೌದೇನ್ರಿ! ನಮ್ಮದೂ ಅಷ್ಟ ದೂರ ಹೋಗೇತಿ?"

"ಯಾರ ಕುರಿ ಮ್ಯಾಲ ಕುಂತ ಹೋತೋ ತಮ್ಮಾ?" ಎಂದಳು ಮಾದೇವಿ.

ಗೌಡನಿಗೆ ಭೂತಗನ್ನಡಿ ಕೊಟ್ಟು ಎರಡು ಎಳೆಗಳನ್ನೂ ನೋಡಲು ಹೇಳಿದೆ. ನೋಡಿದ. "ಕನ್ನಡೀ ನಿಮ್ಮದು, ಅದು ನಿಮ್ಮಂಗ ಹೇಳ್ತೈತಿ" ಎಂದು ವಾಪಸು ಕೊಟ್ಟ.

ಸಂಜೆ ಕೆರೆಯ ದಂಡೆಗೆ ಹೋದೆವು. ಲಗಮವ್ವ ನನ್ನಷ್ಟೇ ವಯಸ್ಸಿನವಳು, ಹೆಗಲ ಮೇಲೆ ಕರಿ ಕಂಬಳಿ. ಕುರಿಗಳನ್ನು ಒಂದೊಂದಾಗಿ ನೀರಿಗಿಳಿಸಿ ಉಜ್ಜುತ್ತಿದ್ದಳು.

"ನಾಕನೇ ಸಲ ತೊಳ್ಯಾಕತ್ತೇನ್ರಿ ಅಕ್ಕಾರ. ಹುಳಾ ಇಲ್ಲ, ತತ್ತಿ ಇಲ್ಲ, ಬಂದ ನೋಡ್ರಿ ಅಂತ ಗೌಡ್ರಿಗೆ ಹೇಳಿ ಕಳಿಸಿದೆ. ಬರಲಿಲ್ಲ. ನಮ್ಮಪ್ಪನ ಕುರಿ ಅವರಪ್ಪನ ಹೊಲದಾಗ ಮಲಗ್ಯಾವ್ರಿ. ಈಗ ಕಳ್ಳರನ್ನ ನೋಡಿದಂಗ ನೋಡ್ತಾರ."

ಚಳಿಗೆ ಕುರಿಗಳು ನಡುಗುತ್ತಿದ್ದವು. ಇಚಲಕರಂಜಿಯಲ್ಲಿ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ಮನೆಗೆ ಬಂದವಳೇ ಗೌಡನ ಹೆಂಡತಿಯ ಅಡುಗೆಮನೆಗೆ ನುಗ್ಗಿ ಉಪ್ಪಿನಕಾಯಿಯ ಒಂದು ಖಾಲಿ ಗಾಜಿನ ಬಾಟಲಿ ಕೇಳಿದೆ.

ಬಾಟಲಿ

ನನ್ನ ಯೋಚನೆ ಸರಳ. ಒಂದು ಹೆಣ್ಣು ಪತಂಗ ಹಿಡಿದು ಬಾಟಲಿಗೆ ಹಾಕುವುದು. ಅದು ಮೊಟ್ಟೆಯಿಟ್ಟು ರೋಮ ಹೊದಿಸಿದರೆ, ಆ 'ಉಣ್ಣೆ' ಎಲ್ಲಿಂದ ಬಂತೆಂದು ಗೌಡನೇ ಹೇಳಲಿ. ಗೌಡ ಒಪ್ಪಿದ, ಆದರೆ ಷರತ್ತುಗಳು ಅವನವು. ಬಾಟಲಿಯನ್ನು ಅವನೇ ತೊಳೆದ, ಅವನೇ ಒರೆಸಿದ. ಬಾಯಿಗೆ ಮಾದೇವಿ ತಂದಿದ್ದ ಇಚಲಕರಂಜಿಯ ತೆಳು ಬಟ್ಟೆ. ಗಂಟು ಅವನದೇ, ಎತ್ತಿನ ಕೊರಳಿಗೆ ಹಾಕುವಂಥದ್ದು. ಬಾಟಲಿ ಅವನ ಪಡಸಾಲೆಯ ಗೋಡೆಯ ಗೂಡಿನಲ್ಲಿ, ಅವನ ತಲೆದಿಂಬಿನ ನೇರಕ್ಕೆ ಇರತಕ್ಕದ್ದು.

ಮುಸ್ಸಂಜೆ ದನದ ಕೊಟ್ಟಿಗೆಯ ಬಲ್ಬಿನ ಕೆಳಗೆ ನಾನೂ ಮಾದೇವಿಯೂ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆವು. ಗಂಡು ಪತಂಗದ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ ಇರುತ್ತದೆ, ಶೋಕಿಲಾಲ. ಹೆಣ್ಣು ಬೂದುಗಂದು, ಸಾದಾ. ಮಾದೇವಿ ಬೀಸಿದ ಚೌಕ ಮೊದಲು ಒಂದು ಮಿಡತೆಯನ್ನು ಹಿಡಿಯಿತು, ಆಮೇಲೆ ಎಮ್ಮೆಯ ಕೊಂಬನ್ನು ಹಿಡಿಯಿತು. ಎಮ್ಮೆ ನನ್ನನ್ನು ಗೊಂತಿಗೆ ಒರಗಿಸಿ ನಿಲ್ಲಿಸಿತು. ಪರದೇಶದಲ್ಲಿ ಇಂಥವು ನಡೆಯುತ್ತವೆ. ಕೊನೆಗೆ ಗೋಡೆಯ ಮೇಲೆ ತಣ್ಣಗೆ ಕೂತಿದ್ದ ಬೂದುಗಂದಿನ ಹೆಣ್ಣೊಂದು ಸಿಕ್ಕಿತು.

ಬೆಳಿಗ್ಗೆ ನೋಡಿದರೆ ಬಾಟಲಿಯಲ್ಲಿ ಪತಂಗ ಬಿಟ್ಟು ಬೇರೇನೂ ಇರಲಿಲ್ಲ. ಗೌಡ ಹಲ್ಲುಜ್ಜುತ್ತಾ ನನ್ನ ಮುಂದೆ ಎರಡು ಸಲ ಓಡಾಡಿದ. ಸುದ್ದಿ ಕೇಳಿ ಲಗಮವ್ವ ಬಂದು ಹೊರಗಟ್ಟೆಯ ಮೇಲೆ ಕೂತಳು. ಆ ಕಷ್ಟದಲ್ಲೂ ಅವಳ ಬಾಯಿ ಸುಮ್ಮನಿರಲಿಲ್ಲ.

"ಏನ್ರಿ ಗೌಡ್ತಿ, ನಿಮ್ಮ ಬಾಟ್ಲಿ ಇನ್ನ ಹಡೀಲಿಲ್ಲೇನ್ರಿ?"

"ದಿನಾ ತುಂಬಿಲ್ಲೇಳ ಲಗಮವ್ವಾ" ಎಂದಳು ಗೌಡನ ಹೆಂಡತಿ. ಗೌಡ ಇಬ್ಬರನ್ನೂ ದುರುಗುಟ್ಟಿ ನೋಡಿದ.

"ಬಸುರೀನ ಬರೇ ಹೊಟ್ಟೀಲೆ ಇಟ್ರ ಹೆಂಗ ಹಡೀತಾಳ?" ಎಂದಳು ಮಾದೇವಿ. ಅದೂ ನಿಜವೇ. ಪತಂಗ ಸಿಹಿ ಹೀರುತ್ತದೆ. ಬೆಲ್ಲದ ನೀರಿನಲ್ಲಿ ಅದ್ದಿದ ಹತ್ತಿ ಇಡೋಣ ಎಂದೆ.

"ಹತ್ತಿ ಬ್ಯಾಡ!" ಗೌಡ ಎದ್ದು ನಿಂತ. "ನಾಳೆ ಅದನ್ನ ತೋರಿಸಿ ಇದ ಹುಳದ ಉಣ್ಣೆ ಅಂತೀರಿ. ಬೆಲ್ಲ ಹಾಕ್ರಿ, ಬರೇ ಬೆಲ್ಲ."

ಒದ್ದೆ ಮಾಡಿದ ಬೆಲ್ಲದ ಚೂರೊಂದನ್ನು ತಾನೇ ಗಂಟು ಬಿಚ್ಚಿ ಹಾಕಿ, ತಾನೇ ಮತ್ತೆ ಕಟ್ಟಿದ. ಬಟ್ಟೆಯಲ್ಲಿ ಕುರಿಯ ಕೂದಲಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಲಗಮವ್ವನಿಗೆ ಬಾಟಲಿಯಿಂದ ದೂರ ಕೂರಲು ಹೇಳಿದ; ಅವಳ ಕಂಬಳಿಯಿಂದ ಏನಾದರೂ ಹಾರೀತು ಎಂಬ ಭಯ. ಅವಳು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು ಅಂಗಳದ ಆಚೆ ಹೋಗಿ ಕೂತಳು. ಆ ದಿನವಿಡೀ ನನಗೆ ಊಟ ರುಚಿಸಲಿಲ್ಲ. ಪತಂಗ ಮುದಿಯಾಗಿದ್ದರೆ? ಮೊಟ್ಟೆಯನ್ನೆಲ್ಲ ಆಗಲೇ ಹೊಲದಲ್ಲಿ ಇಟ್ಟು ಮುಗಿಸಿ ಬಂದಿದ್ದರೆ? ನನ್ನ ಜಂಬದ ಮಾತಿಗೆ ಒಂದು ಹಿಂಡು ಉಪವಾಸ ಬೀಳುತ್ತಿತ್ತು.

ಎರಡನೆಯ ಬೆಳಗು ನನ್ನನ್ನು ಎಬ್ಬಿಸಿದ್ದು ಗೌಡನ ಹೆಂಡತಿಯ ಕೂಗು.

"ಹಡದೈತ್ರೀ ಅಕ್ಕಾರ, ಹಡದೈತಿ!"

ಬಾಟಲಿಯ ಒಳಗೋಡೆಗೆ, ಯಾವ ಎಲೆಯೂ ಇಲ್ಲದ ಬರಿಯ ಗಾಜಿಗೆ, ಮಾಸಲು ಬಣ್ಣದ ಉಣ್ಣೆಯಂಥ ತೇಪೆ ಅಂಟಿತ್ತು. ಹೊರಗಿನಿಂದ ನೋಡಿದರೆ ಗಾಜಿನ ಮೂಲಕ ಮೊಟ್ಟೆಗಳು ಕಾಣುತ್ತಿದ್ದವು. ಪತಂಗ ಪಕ್ಕದಲ್ಲಿ ಸುಸ್ತಾಗಿ ಕೂತಿತ್ತು. ಗೌಡ ಬಾಟಲಿ ಎತ್ತಿದ. ಗಂಟು ನೋಡಿದ, ಅವನದೇ. ಬಟ್ಟೆ ನೋಡಿದ, ತೂತಿಲ್ಲ. ಬಾಟಲಿ ತಿರುಗಿಸಿದ, ಬುಡ ನೋಡಿದ, ಮತ್ತೆ ತಿರುಗಿಸಿದ.

"ಹುಡುಕೋ ತಮ್ಮಾ, ಹುಡುಕು" ಎಂದಳು ಮಾದೇವಿ. "ಕುರಿ ಒಳಗ ಎಲ್ಲೆರೆ ಅಡಗಿ ಕುಂತಿರ್ತೈತಿ."

ಲಗಮವ್ವ ಅಂಗಳದಿಂದ ಎದ್ದು ಬಂದಿದ್ದಳು. ಅವಳು ಬಾಟಲಿಯ ಕಡೆ ಒಮ್ಮೆಯೂ ನೋಡಲಿಲ್ಲ. ಗೌಡನ ಮುಖವನ್ನೇ ನೋಡುತ್ತಿದ್ದಳು.

ಗೌಡ ಬಾಟಲಿಯನ್ನು ಗೂಡಿನಲ್ಲಿಟ್ಟ. ರುಮಾಲು ಕೊಡವಿ ಸುತ್ತಿಕೊಂಡ. ಯಾರ ಕಡೆಗೂ ನೋಡದೆ, ಬಾಗಿಲ ಚೌಕಟ್ಟಿಗೆ ಹೇಳುವಂತೆ ಹೇಳಿದ.

"ಕೆಳಗಿನ ಪಟ್ಟಿ ಖಾಲಿ ಬಿದ್ದೈತಿ."

ಇಷ್ಟೇ ಹೇಳಿ ದನಗಳ ಕಡೆ ಹೊರಟುಹೋದ. ಇದೆಂಥ ಉತ್ತರ ಎಂದು ನಾನು ಸಿಟ್ಟಾಗಿ ಮಾದೇವಿಯತ್ತ ತಿರುಗಿದರೆ ಅವಳು ನಗುತ್ತಿದ್ದಳು. ಲಗಮವ್ವ ಆಗಲೇ ಕೆರೆಯ ದಾರಿ ಹಿಡಿದಿದ್ದಳು, ಅರ್ಧ ನಡೆಯುತ್ತ, ಅರ್ಧ ಓಡುತ್ತ.

ಕೆಳಗಿನ ಪಟ್ಟಿ

ಸಂಜೆಗೆ ಕೆಳಗಿನ ಪಟ್ಟಿಗೆ, ಎಂದರೆ ಮೆಕ್ಕೆಜೋಳ ಕೊಯ್ದು ಖಾಲಿಯಾದ ಗೌಡನ ಹೊಲಕ್ಕೆ, ಹಿಂಡು ಬಂತು. ನಾಲ್ಕು ಸಲ ತೊಳೆಸಿಕೊಂಡ ಆ ಕುರಿಗಳಷ್ಟು ಬೆಳ್ಳಗಿನ ಕುರಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಕ್ಕದ ಹೊಲದವನು ಬದುವಿನ ಮೇಲೆ ನಿಂತು, ತನ್ನ ಹೊಲಕ್ಕೆ ಯಾವಾಗ ಎಂದು ಏನೂ ಆಗಿಲ್ಲವೆಂಬಂತೆ ಕೇಳಿದ. ಗೌಡ್ರನ್ನ ಕೇಳ್ರಿ ಎಂದಳು ಲಗಮವ್ವ, ಮುಖವನ್ನು ಕಷ್ಟಪಟ್ಟು ಗಂಟಿಕ್ಕಿಕೊಂಡು.

ನಾನು ಬದುವಿನ ಮೇಲೆ ಕೂತು ಕೊನೆಗೂ ನನ್ನ ಚಿತ್ರ ಬರೆದೆ. ಮೇವಿನ ಮೆಕ್ಕೆಜೋಳದ ಸುಳಿಯಲ್ಲಿ ಹುಳು ಮೇಯುತ್ತಿತ್ತು. ಅದು ಈ ಊರು ಬಿಟ್ಟೇನೂ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಒಂದು ಗೊರವಂಕ ಗಿಡದಿಂದ ಗಿಡಕ್ಕೆ ಹಾರಿ ಸುಳಿಯೊಳಗೆ ಕೊಕ್ಕು ಹಾಕಿ ಹಾಕಿ ಹುಡುಕುತ್ತಿತ್ತು. ಹೊಸಬನ ರುಚಿ ಇಲ್ಲಿಯವರಿಗೂ ನಿಧಾನಕ್ಕೆ ಹತ್ತುತ್ತಿದೆ ಎಂದುಕೊಂಡು ಗೊರವಂಕವನ್ನೂ ಚಿತ್ರದೊಳಗೆ ಸೇರಿಸಿದೆ. ಪ್ರಕಾಶಕರು ಕೇಳಿದರೆ ಬೆಲೆ ಅದೇ ಎಂದು ಹೇಳುತ್ತೇನೆ.

ಹೊತ್ತು ಇಳಿಯುವಾಗ ಗೌಡ ಹೊಲ ಸುತ್ತಿ ನನ್ನ ಹತ್ತಿರ ಬಂದ. ಅಂಗೈ ಚಾಚಿದ. ಅದರಲ್ಲಿ ಬಿಳಿಯ ಉಣ್ಣೆಯ ಒಂದು ಎಳೆ ಇತ್ತು, ಮೆಕ್ಕೆಜೋಳದ ಕೂಳೆಗೆ ಸಿಕ್ಕಿಕೊಂಡದ್ದು.

"ಸ್ವಲ್ಪ ನಿಮ್ಮ ಕನ್ನಡಿ ಹಿಡಿದ ನೋಡ್ರಿ ಅಕ್ಕಾರ. ಇದೇನಂತ."

ನಾನು ಗಾಬರಿಯಿಂದ ಭೂತಗನ್ನಡಿ ತೆಗೆದು ತಿರುಗಿಸಿ ತಿರುಗಿಸಿ ನೋಡಿದೆ.

"ಇದು ನಿಜವಾಗ್ಲೂ ಕುರೀದೇ ಗೌಡ್ರೇ."

"ಗೊತ್ತೈತ್ರಿ" ಎಂದ ಗೌಡ. ಅದನ್ನು ಜೋಪಾನವಾಗಿ ಮಡಿಸಿ ಕಿಸೆಗೆ ಹಾಕಿಕೊಂಡು, ಕುರಿಗಳ ಕಡೆ ನೋಡುತ್ತ ನಿಂತ. "ಭಾಳ ದಿನದ ಮ್ಯಾಲ ಬಂದಾವ ನೋಡ್ರಿ. ಅದಕ್ಕ ಕೇಳಿದೆ."